ಟಿಸಿಯಲ್ಲಿ ನಡತೆ: ಉತ್ತಮ

ಮೊದಲೇ ಹೇಳಿಬಿಡುತ್ತೇನೆ. ಹುಡುಗನ ಹೆಸರು, ಊರು, ಶಾಲೆ, ಠಾಣೆ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಕೇಸಿನಲ್ಲಿ ಸಿಕ್ಕ ಮಗುವಿನ ಗುರುತು ಹತ್ತುವಂಥ ಏನನ್ನೂ ಪ್ರಕಟಿಸಬಾರದು ಅಂತ 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಅವನು ನನ್ನ ಅಕ್ಕನ ಮಗ, ನಾನು ಅವನ ಸೋದರಮಾವ. ಇಷ್ಟು ಸಾಕು.

ಬರೆಯುತ್ತಿರುವುದು ಯಾಕೆಂದರೆ, ಇಂಥ ಕೇಸಿನಲ್ಲಿ ಮೊದಲು ಯಾರ ಹತ್ತಿರ ಹೋಗಬೇಕು, ಯಾವ ಕಾಗದ ಬೇಕು ಅಂತ ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಇನ್ನೊಂದು ಕಾರಣವೂ ಇದೆ. ಠಾಣೆ, ಮಕ್ಕಳ ಕೇಸು ನಡೆಸುವ ಬಾಲ ನ್ಯಾಯ ಮಂಡಳಿ, ಅಂಥ ಮಕ್ಕಳನ್ನು ಇಡುವ ವೀಕ್ಷಣಾಲಯ, ಹೋದ ಕಡೆಯೆಲ್ಲ ಅವನಿಗೆ ಕೇಳಿದ ಮೊದಲ ಪ್ರಶ್ನೆಗಳಲ್ಲಿ 'ಯಾವ ಸ್ಕೂಲು?' ಅನ್ನೋದು ಒಂದು. ಅವನು ಸ್ಕೂಲು ಬಿಟ್ಟು ವರ್ಷದ ಮೇಲಾಗಿತ್ತು. ಆ ವರ್ಷವಿಡೀ ಸರ್ಕಾರದ ಕಡೆಯಿಂದ ಒಬ್ಬರೂ ಬಂದು ಇದನ್ನು ಕೇಳಿರಲಿಲ್ಲ.

ಅಕ್ಕ ಫೋನ್ ಮಾಡಿದಾಗ ರಾತ್ರಿಯಾಗಿತ್ತು. 'ಪೊಲೀಸ್ನೋರು ಕರ್ಕೊಂಡು ಹೋಗಿದಾರೆ ಕಣೋ, ಸ್ಕೂಟರ್ ಕದ್ದಿದಾನಂತೆ' ಅಂದಳು. ನಾನು ಹೋಗುವಷ್ಟರಲ್ಲಿ ಠಾಣೆಯ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಒಬ್ಬ ನಮ್ಮವನು. ಇನ್ನೊಬ್ಬ ಅವನಿಗಿಂತ ಮೂರು ವರ್ಷ ದೊಡ್ಡವನು, ಅದೇ ಶಾಲೆಯಲ್ಲಿ ಓದಿ ಒಂಬತ್ತನೇ ಕ್ಲಾಸಿಗೇ ಬಿಟ್ಟವನು. ಸ್ಕೂಟರ್ ನೋಡಿಟ್ಟಿದ್ದು ದೊಡ್ಡವನಂತೆ, ವೈರ್ ಕೂಡಿಸಿ ಸ್ಟಾರ್ಟ್ ಮಾಡಿದ್ದು ನಮ್ಮವನು. ಗ್ಯಾರೇಜಿನಲ್ಲಿ ಕಲಿತ ವಿದ್ಯೆ. ಮಾಡಿಲ್ಲ ಅಂತ ನಾನೇನೂ ಇಲ್ಲಿ ಸಾಧಿಸಲು ಹೊರಟಿಲ್ಲ, ಅವನು ಮಾಡಿದ್ದ.

ತೊಂದರೆ ಶುರುವಾಗಿದ್ದು ವಯಸ್ಸಿನಿಂದ. ಎಷ್ಟು ವಯಸ್ಸು ಅಂದರೆ 'ಹದಿನೆಂಟು' ಅಂದಿದ್ದ. ಗ್ಯಾರೇಜಿನಲ್ಲಿ ಕೆಲಸ ಸಿಗಲಿ ಅಂತ ವರ್ಷದಿಂದ ಹಾಗೇ ಹೇಳಿಕೊಂಡು ಬಂದಿದ್ದ, ಬಾಯಿಗೆ ಅದೇ ಬಂತು. ಪೊಲೀಸರು ಅದನ್ನೇ ಬರೆದುಕೊಂಡರು. ನಿಜವಾಗಿ ಅವನಿಗೆ 16 ತುಂಬಿ ಕೆಲವೇ ತಿಂಗಳಾಗಿತ್ತು. 18 ಅಂತಾದರೆ ದೊಡ್ಡವರ ಕೋರ್ಟು, ದೊಡ್ಡವರ ಜೈಲು. 18ಕ್ಕಿಂತ ಕಡಿಮೆ ಅಂತಾದರೆ ಬಾಲ ನ್ಯಾಯ ಮಂಡಳಿ. ಒಂದು ಸಂಖ್ಯೆಯ ಮೇಲೆ ಎಲ್ಲ ನಿಂತಿತ್ತು.

ನಾನು ಆಧಾರ್ ಕಾರ್ಡ್ ತೋರಿಸಿದೆ. ವಯಸ್ಸು ಗೊತ್ತು ಮಾಡುವುದು ಹೇಗೆ ಅಂತ ಕಾಯ್ದೆಯ 94ನೇ ಕಲಂನಲ್ಲಿ ಇದೆ, ಅದರಲ್ಲಿ ಆಧಾರ್ ಹೆಸರೇ ಇಲ್ಲ. ಮೊದಲು ಶಾಲೆ ಕೊಟ್ಟ ಜನ್ಮ ದಿನಾಂಕದ ಪ್ರಮಾಣಪತ್ರ, ಇಲ್ಲವೇ ಹತ್ತನೇ ತರಗತಿಯ ಅಂಕಪಟ್ಟಿ. ಅದು ಇಲ್ಲದಿದ್ದರೆ ಪಂಚಾಯ್ತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲ ಅಂದರೆ ಮಾತ್ರ ಮೂಳೆಯ ಪರೀಕ್ಷೆ. ಅಂದರೆ ಯಾವ ಶಾಲೆ ಇವನು ಬೇಡ ಅಂದಿತ್ತೋ ಅದೇ ಶಾಲೆಗೆ ಹೋಗಿ, ಇವನು ಇನ್ನೂ ಮಗು ಅಂತ ಬರೆಸಿಕೊಂಡು ಬರಬೇಕು.

ಆ ರಾತ್ರಿ ಇನ್ನೊಂದು ನಡೆಯಿತು. ಒಂದು ಹಾಳೆ ಕೊಟ್ಟು 'ಓದಿ ಸಹಿ ಹಾಕು' ಅಂದರು. ಅವನು ಹಾಳೆ ಹಿಡಿದುಕೊಂಡ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು, ಓದುವವನಿಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ತಗೊಂಡ, ಸಹಿ ಹಾಕಿದ. ಆಮೇಲೆ ಅದರಲ್ಲಿ ಏನಿತ್ತು ಅಂತ ಕೇಳಿದೆ.

'ಗೊತ್ತಿಲ್ಲ ಮಾವ.'

'ಓದಿದ್ಯಲ್ಲೋ?'

'ನೋಡ್ದೆ.'

ನನಗೆ ಸಿಟ್ಟೂ ಬಂತು, ನಗುವೂ ಬಂತು. ಎಂಟೊಂಬತ್ತು ವರ್ಷ ಶಾಲೆಯಲ್ಲಿ ಇವನು ಪಕ್ಕಾ ಕಲಿತಿದ್ದು ಇದೊಂದೇ ಅನ್ನಿಸಿತು: ಓದುವವನ ಹಾಗೆ ಕಾಣಿಸೋದು. ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳಬಾರದು ಅಂತ ಆ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲೇ ಇದೆ ಅಂತ ಆಮೇಲೆ ವಕೀಲರು ಹೇಳಿದರು. ಆಗ ಅದು ಯಾರಿಗೆ ಗೊತ್ತಿತ್ತು.

ಶಾಲೆಯ ಕಥೆ ಸ್ವಲ್ಪ ಹೇಳಲೇಬೇಕು. ಇವನು ದಡ್ಡನಲ್ಲ, ತಂಟೆಕೋರನೂ ಅಲ್ಲ. ಮೂರನೇ ಕ್ಲಾಸಿನ ಹೊತ್ತಿಗೆ ಕಾಗುಣಿತ ಬರುತ್ತಿತ್ತು, ಒತ್ತಕ್ಷರ ಬರುತ್ತಿರಲಿಲ್ಲ. ಅಲ್ಲೇ ನಿಂತುಹೋದ. ಪಾಠ ಮಾತ್ರ ನಿಲ್ಲಲಿಲ್ಲ. ನಾಲ್ಕು, ಐದು, ಆರು ಅಂತ ಹೋಗುತ್ತಲೇ ಇತ್ತು, ಇವನನ್ನೂ ಮುಂದಕ್ಕೆ ಹಾಕುತ್ತಲೇ ಇದ್ದರು. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಎಂಟನೇ ತರಗತಿ ಮುಗಿಯುವವರೆಗೆ ಫೇಲ್ ಮಾಡುವ ಹಾಗಿರಲಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟರಲ್ಲಿ ತಡೆಹಿಡಿಯಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಫೇಲ್ ಮಾಡಬೇಡಿ ಅನ್ನೋದು ಒಳ್ಳೆಯ ನಿಯಮ ಅಂತಲೇ ನಾನು ಈಗಲೂ ಹೇಳುತ್ತೇನೆ. ಹಿಂದೆ ಬಿದ್ದ ಮಗುವಿಗೆ ಪ್ರತ್ಯೇಕವಾಗಿ ಕೂರಿಸಿ ಕಲಿಸಬೇಕಲ್ವಾ, ಅದನ್ನು ಯಾರೂ ಮಾಡಲಿಲ್ಲ, ಮುಂದಕ್ಕೆ ತಳ್ಳೋದನ್ನು ಮಾತ್ರ ಚಾಚೂ ತಪ್ಪದೆ ಮಾಡಿದರು.

ಇವನೊಬ್ಬನೇ ಹೀಗೆ ಅಂತಲೂ ಇಲ್ಲ. ಮಕ್ಕಳ ಕಲಿಕೆಯನ್ನು ಅಳೆಯುವ 2023ರ ಅಸರ್ ಸಮೀಕ್ಷೆ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳನ್ನು ನೋಡಿತ್ತು. ನಾಲ್ವರಲ್ಲಿ ಒಬ್ಬರಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರುತ್ತಿರಲಿಲ್ಲ. ಮೂರು ಅಂಕಿಯ ಸಂಖ್ಯೆಯನ್ನು ಒಂದು ಅಂಕಿಯಿಂದ ಭಾಗಿಸಲು ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆಗುತ್ತಿರಲಿಲ್ಲ.

ಎಂಟರವರೆಗೆ ನಡೆಯಿತು. ಒಂಬತ್ತರಲ್ಲಿ ಶಾಲೆ ಎಚ್ಚರವಾಯಿತು. ಯಾಕೆಂದರೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ರಿಸಲ್ಟ್ ಬಂದ ದಿನ ಯಾವ ಜಿಲ್ಲೆ ಎಷ್ಟನೇ ಸ್ಥಾನ ಅಂತ ಟಿವಿಯಲ್ಲಿ ಬರುತ್ತದೆ, ಶೇಕಡಾವಾರು ಕಡಿಮೆಯಾದ ಶಾಲೆಯ ಹೆಡ್‌ಮಾಸ್ತರನ್ನು ಮೇಲಿನವರು ವಿಚಾರಿಸುತ್ತಾರೆ. ಆ ಒತ್ತಡ ಸುಳ್ಳಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ಮಾತ್ರ ನೋಡಿ. ಅಕ್ಕನನ್ನು ಕರೆಸಿದರು. 'ನೋಡಮ್ಮಾ, ಇವನು ಹತ್ತು ಪಾಸಾಗಲ್ಲ. ಒಂಬತ್ತರಲ್ಲಿ ಫೇಲ್ ಅಂತ ಆಗೋದಕ್ಕಿಂತ ಟಿಸಿ ತಗೊಂಡು ಬೇರೆ ಕಡೆ ಸೇರಿಸಿಬಿಡಿ, ಅವನಿಗೂ ಒಳ್ಳೇದು' ಅಂದರು. ಅರ್ಜಿ ಹೇಗೆ ಬರೆಯಬೇಕು ಅಂತಲೂ ಅವರೇ ಹೇಳಿ ಬರೆಸಿದರು. ಅಕ್ಕ ಸಹಿ ಹಾಕಿದಳು. ಬೇರೆ ಶಾಲೆಯವರು ಅಂಕಪಟ್ಟಿ ನೋಡಿದರು, ಸೀಟಿಲ್ಲ ಅಂದರು. ಅಷ್ಟೇ. ಹೊಡೆದು ಓಡಿಸಲಿಲ್ಲ, ಹೆಸರು ಹೊಡೆದುಹಾಕಲಿಲ್ಲ, ಎಲ್ಲ ಮರ್ಯಾದೆಯಿಂದಲೇ ನಡೆಯಿತು.

ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಇವನಿಗೆ ಆಗಲೇ 15. ಹಾಗಾಗಿ ಶಾಲೆಯಿಂದ ಹೊರಬಿದ್ದ ಮಗುವನ್ನು ವಾಪಸ್ ಕರೆತರುವ ಪಟ್ಟಿಯಲ್ಲೂ ಇವನಿಲ್ಲ. ಕೆಲಸಕ್ಕೆ ಹಾಕಿಕೊಳ್ಳುವವರು ಸಾಮಾನ್ಯವಾಗಿ 18 ಆಗಿರಬೇಕು ಅನ್ನುತ್ತಾರೆ. ಮಧ್ಯದ ಮೂರು ವರ್ಷ ಈ ಮಕ್ಕಳು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಕಾನೂನಿಗೆ ಸಿಕ್ಕಿಬೀಳುವ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು 16ರಿಂದ 18ರ ಒಳಗಿನವರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ಹೇಳುತ್ತವೆ. ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಹಾಗಂತ ಶಾಲೆ ಬಿಟ್ಟವರೆಲ್ಲ ಕಳ್ಳರಾಗುತ್ತಾರೆ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲೇ ಏಳನೇ ಕ್ಲಾಸಿಗೆ ಬಿಟ್ಟು ನೆಟ್ಟಗೆ ಬದುಕಿದವರು ಬೇಕಾದಷ್ಟು ಜನ ಇದ್ದಾರೆ.

ಬೆಳಿಗ್ಗೆ ಶಾಲೆ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತೆ. ಕ್ಲರ್ಕ್ ಒಳ್ಳೆಯವರು. ಏನೂ ಕೇಳದೆ ದಾಖಲಾತಿ ರಿಜಿಸ್ಟರ್ ತೆಗೆದರು. ದೊಡ್ಡ ಪುಸ್ತಕ, ಬೆನ್ನಿಗೆ ಬಟ್ಟೆ ಅಂಟಿಸಿದ್ದು. ಅವರು ಹೆಸರು ಹುಡುಕುವಾಗ ನಾನು ಪುಟ ನೋಡುತ್ತಿದ್ದೆ. ಕೊನೆಯ ಎರಡು ಕಾಲಂ 'ಶಾಲೆ ಬಿಟ್ಟ ದಿನಾಂಕ' ಮತ್ತು 'ಶಾಲೆ ಬಿಡಲು ಕಾರಣ'. ನಮ್ಮವನ ಮುಂದೆ 'ಪೋಷಕರ ಕೋರಿಕೆ ಮೇರೆಗೆ' ಅಂತಿತ್ತು. ಅವನ ಕೆಳಗೆ ಇನ್ನೊಬ್ಬ, 'ಪೋಷಕರ ಕೋರಿಕೆ ಮೇರೆಗೆ'. ಹಿಂದಿನ ಪುಟದಲ್ಲಿ ಮತ್ತೆ ಕೆಲವರು, ಅದೇ ಕಾರಣ, ಅದೇ ಅಕ್ಷರ, ಎಲ್ಲವೂ ಒಂಬತ್ತನೇ ತರಗತಿಯವೇ. ಇಷ್ಟೊಂದು ಅಪ್ಪ ಅಮ್ಮಂದಿರಿಗೆ ಹತ್ತನೇ ಕ್ಲಾಸಿನ ಹೊಸ್ತಿಲಲ್ಲೇ ಮಕ್ಕಳನ್ನು ಬಿಡಿಸಬೇಕು ಅಂತ ಯಾಕೆ ಅನ್ನಿಸಿತು ಅಂತ ಕ್ಲರ್ಕನ್ನು ಕೇಳಿದೆ. ಅವರು ತಲೆ ಎತ್ತದೆ, 'ನಾನು ಬರೀ ಬರೆಯೋನು ಸಾರ್' ಅಂದರು.

ಹೆಡ್‌ಮಾಸ್ತರು ಸಹಿ ಹಾಕುವ ಮುಂಚೆ ಯಾಕೆ ಬೇಕು ಅಂತ ಕೇಳಿದರು. ಹೇಳಿದೆ. 'ಅಯ್ಯೋ ಪಾಪ, ಅವನು ಅಂಥ ಹುಡುಗ ಅಲ್ಲವೇ ಅಲ್ಲ' ಅಂದರು. ಮನಸಾರೆ ಅಂದಿದ್ದು, ಅನುಮಾನವಿಲ್ಲ. ಟಿಸಿಯ ಪ್ರತಿಯನ್ನೂ ಕೊಟ್ಟರು. ನಡತೆ ಅನ್ನೋ ಜಾಗದಲ್ಲಿ 'ಉತ್ತಮ' ಅಂತಿತ್ತು.

ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿ ಮುಂದೆ ಹಾಜರುಪಡಿಸಬೇಕು, ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರಿರಬೇಕು. ಅಲ್ಲಿ ಅದು ಒಬ್ಬ ಎಎಸ್‌ಐ. ಕಾಗದ ನೋಡಿದ ಮೇಲೆ ಅವರು ವಯಸ್ಸು ತಿದ್ದಿದರು, ಯೂನಿಫಾರ್ಮ್ ಬಿಚ್ಚಿ ಮಾಮೂಲಿ ಬಟ್ಟೆ ಹಾಕಿಕೊಂಡು ಅವನನ್ನು ಕರೆದುಕೊಂಡು ಹೊರಟರು. ಬೇಡಿ ಹಾಕಲಿಲ್ಲ. ಇದೆಲ್ಲ ನಿಯಮ, ಔದಾರ್ಯ ಅಲ್ಲ. ಆದರೂ ನನಗೆ ಅವರ ಮೇಲೆ ಗೌರವ ಬಂತು.

ಅವತ್ತು ಮಂಡಳಿ ಕೂತಿರಲಿಲ್ಲ. ಹಾಗಿದ್ದಾಗ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು. ಸದಸ್ಯೆ ಕಾಗದ ನೋಡಿ, ಜಾಮೀನಿನ ವಿಚಾರ ಮಂಡಳಿ ಕೂತಾಗ ನೋಡೋಣ ಅಂತ ವೀಕ್ಷಣಾಲಯಕ್ಕೆ ಕಳಿಸಿದರು. ಅಕ್ಕ ಗೇಟಿನ ಹತ್ತಿರ ಅಳುತ್ತಾ ನಿಂತಳು, ಅವನು ತಿರುಗಿ ನೋಡಲಿಲ್ಲ. ಆ ದಿನಗಳ ಬಗ್ಗೆ ಅವನು ಜಾಸ್ತಿ ಹೇಳಿಲ್ಲ, ನಾನೂ ಕೆದಕಿಲ್ಲ.

ವಕೀಲರಿಗೆ ದುಡ್ಡು ಎಲ್ಲಿಂದ ತರೋದು ಅಂತ ಅಕ್ಕನಿಗೆ ಚಿಂತೆಯಾಗಿತ್ತು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ: ಮಕ್ಕಳಿಗೆ ವಕೀಲರು ಉಚಿತ, ಮನೆಯವರ ಆದಾಯ ಎಷ್ಟೇ ಇರಲಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ಒಂದು ಅರ್ಜಿ ಕೊಟ್ಟರೆ ಸಾಕು. ಕೋರ್ಟಿನ ಹೊರಗೆ 'ನಾನು ಬಿಡಿಸಿಕೊಡ್ತೀನಿ' ಅಂತ ಮೈಮೇಲೆ ಬೀಳುವವರ ಮಾತಿಗೆ ನಿಲ್ಲಬೇಡಿ. ನಮಗೆ ಸಿಕ್ಕವರು ಚಿಕ್ಕ ವಯಸ್ಸಿನ ವಕೀಲೆ, ಕಾಯ್ದೆಯ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಮಾತಾಡುತ್ತಿದ್ದರು. ಬಾಲ ನ್ಯಾಯ ಕಾಯ್ದೆಯ 12ನೇ ಕಲಂ ಪ್ರಕಾರ ಮಗುವಿಗೆ ಜಾಮೀನು ಕೊಡುವುದೇ ನಿಯಮ. ಹೊರಗೆ ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ, ನ್ಯಾಯಕ್ಕೆ ಅಡ್ಡಿ, ಇಂಥ ಕಾರಣ ಇದ್ದರೆ ಮಾತ್ರ ಇಲ್ಲ ಅನ್ನಬಹುದು.

ಮಂಡಳಿ ಅಂದರೆ ಕೋರ್ಟಿನ ಹಾಗೆ ಎತ್ತರದ ಕುರ್ಚಿ ಇರುತ್ತದೆ ಅಂದುಕೊಂಡಿದ್ದೆ. ಒಂದು ಕೋಣೆ, ಒಂದು ಮೇಜು, ಅದರ ಆ ಕಡೆ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಸೇವಕರು. ಮ್ಯಾಜಿಸ್ಟ್ರೇಟ್ ಮೇಡಂ ಫೈಲ್ ನೋಡುತ್ತಾ, 'ನಡತೆ ಉತ್ತಮ ಅಂತ ಇದೆಯಲ್ಲಪ್ಪಾ, ಮತ್ತೆ ಯಾಕೆ ಬಿಟ್ಟೆ?' ಅಂದರು. ಅವನು ನೆಲ ನೋಡಿದ. 'ಅಮ್ಮ ಬಿಡಿಸಿದ್ರು' ಅಂದ. ಅಕ್ಕ ಬಾಯಿಬಿಟ್ಟು ಅಳೋಕೆ ಶುರು ಮಾಡಿದಳು. ಅರ್ಜಿ ಹೇಗೆ ಬರೆಸಿಕೊಂಡರು ಅಂತ ಹೇಳಬೇಕಾಗಿ ಬಂದಿದ್ದು ನಾನು. ಮೇಡಂ ಪೂರ್ತಿ ಕೇಳಿ ಏನನ್ನೋ ಬರೆದುಕೊಂಡರು, ಜಾಮೀನು ಕೊಟ್ಟರು. ಅಮ್ಮನ ಜವಾಬ್ದಾರಿ, ಪರಿವೀಕ್ಷಣಾಧಿಕಾರಿ (ಇಂಥ ಮಕ್ಕಳ ಮೇಲೆ ನಿಗಾ ಇಡುವ ಪ್ರೊಬೇಷನ್ ಆಫೀಸರ್) ಕರೆದಾಗ ಹಾಜರಾಗಬೇಕು, ಆ ದೊಡ್ಡ ಹುಡುಗನ ಸಹವಾಸ ಬಿಡಬೇಕು.

ದೊಡ್ಡ ಹುಡುಗನ ಸಹವಾಸ ಬಿಡೋದೇನೂ ಕಷ್ಟವಾಗಲಿಲ್ಲ, ಅವನು ಜೈಲಿನಲ್ಲಿದ್ದ. ಮಗು ಮತ್ತು ದೊಡ್ಡವರ ಕೇಸು ಒಟ್ಟಿಗೆ ನಡೆಯುವಂತಿಲ್ಲ, ಹಾಗಾಗಿ ಅವನದು ಬೇರೆ ಕೋರ್ಟು. ಅವನ ತಾಯಿ ನನಗೆ ಕೋರ್ಟ್ ಆವರಣದಲ್ಲಿ ಸಿಗುತ್ತಿದ್ದರು. ಜಾಮೀನು ಆಗಿದೆ, ಶ್ಯೂರಿಟಿ ಹಾಕುವವರು ಯಾರೂ ಇಲ್ಲ ಅಂದರು. ಪಹಣಿ ಇರುವವರನ್ನು ಹುಡುಕಿಕೊಂಡು ನೆಂಟರ ಮನೆಗಳಿಗೆ ಅಲೆಯುತ್ತಿದ್ದರು. ಒಂದೇ ಸ್ಕೂಟರ್, ಒಂದೇ ಶಾಲೆ, ಅದೇ ರಿಜಿಸ್ಟರಿನ ಹಳೇ ಪುಟದಲ್ಲಿ ಅವನ ಹೆಸರಿನ ಮುಂದೆಯೂ ಅದೇ ಕಾರಣ ಇರುತ್ತದೆ ಅಂತ ನಾನು ಪಂದ್ಯ ಕಟ್ಟಿ ಹೇಳಬಲ್ಲೆ. ಹುಟ್ಟಿದ ವರ್ಷ ಮೂರು ಹಿಂದೆ, ಅಷ್ಟೇ ವ್ಯತ್ಯಾಸ. ನಮ್ಮ ದೇಶದ ಜೈಲುಗಳಲ್ಲಿ ಇರುವ ನಾಲ್ವರಲ್ಲಿ ಮೂವರು ಹೀಗೆ ತೀರ್ಪಿಗೆ ಕಾಯುತ್ತಿರುವವರು. ಓದು ಬರದವರು ಮತ್ತು ಹತ್ತನೇ ತರಗತಿ ಮುಟ್ಟದವರನ್ನು ಕೂಡಿಸಿದರೆ ಒಟ್ಟು ಕೈದಿಗಳಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಬರುತ್ತಾರೆ. ಇದೂ ಸರ್ಕಾರವೇ ವರ್ಷ ವರ್ಷ ಅಚ್ಚು ಹಾಕಿಸುವ ಲೆಕ್ಕ. ಶಿಕ್ಷಣ ಇಲಾಖೆಯವರು ಇದನ್ನು ತಿರುವಿ ನೋಡುತ್ತಾರೋ ಇಲ್ಲವೋ.

ಇಡೀ ಪ್ರಕ್ರಿಯೆಯಲ್ಲಿ ನನಗೆ ಮರೆಯಲಾಗದ್ದು ಪರಿವೀಕ್ಷಣಾಧಿಕಾರಿ ಮನೆಗೆ ಬಂದ ದಿನ. 15 ದಿನದೊಳಗೆ ಅವರು ಮಂಡಳಿಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅದಕ್ಕೆ ನಮೂನೆ 6 ಅಂತ ಒಂದು ಉದ್ದದ ಫಾರ್ಮ್. ಮನೆ, ಆದಾಯ, ಗೆಳೆಯರು, ಚಟ ಎಲ್ಲ ಮುಗಿದು ಶಾಲೆಗೆ ಬಂತು. ಶಾಲೆ ಬಿಟ್ಟಿದ್ದಕ್ಕೆ ಕಾರಣ ಅಂತ ಅದರಲ್ಲೇ ಒಂದು ಪಟ್ಟಿ ಇದೆ, ಸರಿಯಾದದ್ದಕ್ಕೆ ಟಿಕ್ ಹಾಕಬೇಕು. ಅವರು ಒಂದೊಂದೇ ಓದಿದರು. ಹಿಂದಿನ ತರಗತಿಯಲ್ಲಿ ಫೇಲ್ ಆಗಿದ್ದು? ಇಲ್ಲ. ಓದಿನಲ್ಲಿ ಆಸಕ್ತಿ ಇಲ್ಲ? ಹುಡುಗ ಭುಜ ಕುಣಿಸಿದ. ಶಿಕ್ಷಕರ ಅಸಡ್ಡೆ? ನನ್ನ ಮುಖ ನೋಡಿದ. ಮನೆಗೆ ದುಡಿಯಬೇಕಾಗಿತ್ತು? ಇಲ್ಲ ಸರ್. ಶಾಲೆಯಲ್ಲಿ ಅವಮಾನ?

'ಹೂಂ' ಅಂದ.

ಏನಾಯ್ತು ಅಂತ ಕೇಳಿದರು. ದಿನಾ ಎದ್ದು ನಿಲ್ಲಿಸಿ ಪಾಠ ಓದಿಸುತ್ತಿದ್ದರಂತೆ. ಒತ್ತಕ್ಷರ ಬಂದ ಕಡೆ ಇವನು ನಿಲ್ಲೋದು, ಕ್ಲಾಸು ನಗೋದು, ಪಾಠ ಮುಗಿಯುವವರೆಗೆ ಹಾಗೇ ನಿಂತಿರೋದು. ಆಮೇಲೆ ಆ ಪೀರಿಯಡ್ಡಿಗೆ ಹೋಗೋದೇ ಬಿಟ್ಟ. ಕಾಂಪೌಂಡಿನ ಆಚೆ ದೊಡ್ಡ ಹುಡುಗ ಇರುತ್ತಿದ್ದ, ಅವನು ನಗುತ್ತಿರಲಿಲ್ಲ. ಇದನ್ನು ನಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಂದು ಸರ್ಕಾರಿ ಫಾರ್ಮು ಕೇಳಿತು, ಹೇಳಿದ. ಶಾಲೆಯ ರಿಜಿಸ್ಟರಿನಲ್ಲಿ ಒಂದೇ ಕಾರಣ ಇತ್ತು. ಕೇಸಾದ ಮೇಲೆ ಬರುವ ಫಾರ್ಮಿನಲ್ಲಿ ಹತ್ತಕ್ಕಿಂತ ಹೆಚ್ಚು ಕಾರಣಗಳಿವೆ. ಆ ಪಟ್ಟಿಯನ್ನು ಹೆಡ್‌ಮಾಸ್ತರು ಟಿಸಿ ಕೊಡುವ ದಿನ ಓದಿದ್ದರೆ ಏನು ಗಂಟು ಹೋಗುತ್ತಿತ್ತು?

ವಿಚಾರಣೆಯ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಮೊದಲ ಹಾಜರಾತಿಯಿಂದ 4 ತಿಂಗಳಲ್ಲಿ ಮುಗಿಯಬೇಕು, ಬೇಕಿದ್ದರೆ ಇನ್ನೂ 2 ತಿಂಗಳು. ಕಳವಿಗೆ ಕಾನೂನಿನಲ್ಲಿ ಗರಿಷ್ಠ ಶಿಕ್ಷೆ 3 ವರ್ಷವಾದ್ದರಿಂದ ಮಕ್ಕಳ ಕಾಯ್ದೆಯಲ್ಲಿ ಅದು ಸಣ್ಣ ಅಪರಾಧ. ಅಷ್ಟರಲ್ಲಿ ಮುಗಿಯದಿದ್ದರೆ ಕೇಸೇ ರದ್ದು. ನಮ್ಮದು ಅಷ್ಟು ದೂರ ಹೋಗಲಿಲ್ಲ. ಕೆಲವು ಸಲ ಹೋಗಿ ಸುಮ್ನೆ ವಾಪಸ್ ಬಂದೆವು, ಅಕ್ಕನ ಕೂಲಿ ಹೋಯಿತು. ಕೊನೆಗೆ ಒಂದು ವರ್ಷ ಪರಿವೀಕ್ಷಣೆ, ತಾಯಿಯ ಜೊತೆ ಮನೆಯಲ್ಲೇ ಇರಬೇಕು, ಓದು ಮುಂದುವರಿಸಬೇಕು ಅಂತ ಆದೇಶವಾಯಿತು. ಈ ಕೇಸು ಅವನ ಮುಂದಿನ ಕೆಲಸಕ್ಕೆ ಅಡ್ಡಿಯಾಗಬಾರದು, ಮೇಲ್ಮನವಿ ಅವಧಿ ಮುಗಿದ ಮೇಲೆ ದಾಖಲೆ ನಾಶವಾಗಬೇಕು ಅಂತ 24ನೇ ಕಲಂ ಇದೆ. ಪೊಲೀಸ್ ಪರಿಶೀಲನೆ ಎಲ್ಲಾದರೂ ಬಂದರೆ ಬೇಕಾಗುತ್ತದೆ ಅಂತ ಆ ಪುಟದ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ.

ಓದು ಮುಂದುವರಿಸಬೇಕು ಅಂತ ಆದೇಶ ಬಂತು ಸರಿ, ಎಲ್ಲಿ? ಹಳೇ ಶಾಲೆಗೆ ಅವನು ಹೋಗಲ್ಲ, ನಾನೂ ಕಳಿಸಲ್ಲ. ಪರಿವೀಕ್ಷಣಾಧಿಕಾರಿಯೇ ರಾಷ್ಟ್ರೀಯ ಮುಕ್ತ ಶಾಲೆಯ (ಎನ್‌ಐಒಎಸ್, ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ವ್ಯವಸ್ಥೆ) ದಾರಿ ತೋರಿಸಿದರು. ಅಲ್ಲಿ ಹತ್ತನೇ ತರಗತಿಗೆ ಐದು ವಿಷಯ ಪಾಸಾದರೆ ಸಾಕು, ಒಂದು ಭಾಷೆ ಇರಲೇಬೇಕು, ಗಣಿತ ಕಡ್ಡಾಯವಲ್ಲ. ಒಮ್ಮೆ ಸೇರಿದರೆ 5 ವರ್ಷ ಲೆಕ್ಕಕ್ಕೆ ಇರುತ್ತದೆ, ಎಲ್ಲ ವಿಷಯ ಒಟ್ಟಿಗೆ ಬರೆಯಬೇಕಾಗಿಯೂ ಇಲ್ಲ. ಗಣಿತ ಬೇಡ ಅಂದಿದ್ದು ಕೇಳಿ ಅವನ ಮುಖ ಅರಳಿತು. ಕೇಸು ಮುಗಿದಾಗಲೂ ಹಾಗೆ ಅರಳಿರಲಿಲ್ಲ.

ಒತ್ತಕ್ಷರ ನಾನೇ ಹೇಳಿಕೊಡುತ್ತಿದ್ದೇನೆ. ಗ್ಯಾರೇಜಿನ ಬಿಲ್ಲು, ಬಸ್ಸಿನ ಬೋರ್ಡು, ಅವನ ಜಾಮೀನು ಆದೇಶ, ಏನು ಸಿಕ್ಕರೆ ಅದು. 'ಪರಿವೀಕ್ಷಣಾಧಿಕಾರಿ' ಅನ್ನೋದನ್ನು ಈಗ ಒಂದೇ ಉಸಿರಿಗೆ ಓದುತ್ತಾನೆ, 'ಪ್ರಶ್ನೆ'ಯ ಹತ್ತಿರ ಇನ್ನೂ ಎಡವುತ್ತಾನೆ. ಸದ್ಯಕ್ಕೆ ಜಗಳ ಇರೋದು ಐದನೇ ವಿಷಯದ ಮೇಲೆ. ಡೇಟಾ ಎಂಟ್ರಿ ತಗೋ, ಕೆಲಸಕ್ಕೆ ಬರುತ್ತೆ ಅಂತ ನಾನು. ಚಿತ್ರಕಲೆ ಬೇಕು ಅಂತ ಅವನು. ಅಕ್ಕ ಅವನ ಕಡೆ.